ಹಳೇ ಡಿಸ್ಕ್, ಹೊಸ ಓಎಸ್: ‘ಕ್ರಿಯೇಟ್’ ಬಟನ್ ಮುಟ್ಟಬೇಡಿ

ಸರ್ವರ್‌ನ ಓಎಸ್ ಬದಲಾಯಿಸುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಹೊಸ ಓಎಸ್ ಹಾಕುತ್ತಾರೆ, ಹಳೇ ಡಿಸ್ಕ್‌ಗಳನ್ನು ಜೋಡಿಸುತ್ತಾರೆ, ಬ್ರೌಸರ್ ತೆರೆಯುತ್ತಾರೆ. ನೋಡಿದರೆ ಸ್ಟೋರೇಜ್ ಪುಟ ಖಾಲಿ. ಅಲ್ಲೇ ‘ಕ್ರಿಯೇಟ್ ಪೂಲ್’ ಅಂತ ಒಂದು ಬಟನ್. ಗಾಬರಿಯಾದಾಗ ಕೈ ಸೀದಾ ಅಲ್ಲಿಗೇ ಹೋಗುತ್ತದೆ. ನನಗೆ ಫೋನ್ ಬರುವುದು ಅದನ್ನು ಒತ್ತಿದ ಮೇಲೆ. ಒತ್ತುವ ಮೊದಲು ಯಾರೂ ಕೇಳುವುದಿಲ್ಲ.

ನಾನು ಹೇಳುತ್ತಿರುವುದು ಝಡ್‌ಎಫ್‌ಎಸ್ ಪೂಲ್‌ಗಳ ವಿಷಯ. ಝಡ್‌ಎಫ್‌ಎಸ್ ಅಂದರೆ ಡಿಸ್ಕ್‌ಗಳಲ್ಲಿ ಡೇಟಾ ಜೋಡಿಸಿಡುವ ವ್ಯವಸ್ಥೆ, ಪೂಲ್ ಅಂದರೆ ಅದು ಹಲವು ಡಿಸ್ಕ್ ಸೇರಿಸಿ ಮಾಡುವ ಒಂದೇ ಸಂಗ್ರಹ. ನನ್ನ ಹತ್ತಿರ ಬರುವವರಲ್ಲಿ ಮದುವೆ ಫೋಟೊ ಸ್ಟುಡಿಯೋದವರು, ಆಡಿಟರ್‌ಗಳು ಜಾಸ್ತಿ. ಅವರಲ್ಲಿ ಸುಮಾರು ಜನ, ಫೈಲ್ ಇಡುವ ಸರ್ವರ್‌ಗೆಂದೇ ಇದ್ದ ಫ್ರೀನ್ಯಾಸ್ ಅನ್ನುವ ಓಎಸ್‌ನ ಕಾಲದಿಂದ ಇದ್ದವರು. 2020ರಲ್ಲಿ ಅದೇ ಟ್ರೂನ್ಯಾಸ್ ಕೋರ್ ಆಯಿತು. ಅದರ ಬುಡದಲ್ಲಿದ್ದದ್ದು ಫ್ರೀಬಿಎಸ್‌ಡಿ ಅನ್ನುವ ಓಎಸ್. 2022ರಲ್ಲಿ ಲಿನಕ್ಸ್ ಆಧರಿಸಿದ ಟ್ರೂನ್ಯಾಸ್ ಸ್ಕೇಲ್ ಬಂತು, ಈಗ ಇವರೆಲ್ಲ ಅತ್ತ ಹೊರಟಿದ್ದಾರೆ. ಹೋಗುವುದು ಸರಿಯೇ. ಬ್ಯಾಕಪ್ ಇರಬೇಕು, ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ರೇಡ್‌ಝಡ್ ಅನ್ನುವುದು ಬ್ಯಾಕಪ್ ಅಲ್ಲ, ಇವನ್ನೆಲ್ಲ ಮತ್ತೆ ಹೇಳುವುದಿಲ್ಲ.

ಹೇಳಬೇಕಾದ್ದು ಒಂದೇ. ನಿಮ್ಮ ಪೂಲ್ ಇರುವುದು ಓಎಸ್‌ನಲ್ಲಿ ಅಲ್ಲ, ಡಿಸ್ಕ್‌ಗಳಲ್ಲೇ. ಪ್ರತಿ ಡಿಸ್ಕ್‌ನಲ್ಲೂ ಝಡ್‌ಎಫ್‌ಎಸ್ ತನ್ನ ಜಾಗದ ಶುರುವಿನಲ್ಲಿ ಎರಡು, ಕೊನೆಯಲ್ಲಿ ಎರಡು, ಹೀಗೆ ಒಟ್ಟು 4 ಕಡೆ ಲೇಬಲ್ ಬರೆದಿರುತ್ತದೆ. ಒಂದೊಂದೂ 256 ಕೆಬಿ. ಪೂಲ್‌ನ ಹೆಸರು, ಅದರ ಗುರುತಿನ ಸಂಖ್ಯೆ, ಈ ಡಿಸ್ಕ್‌ನ ಜೊತೆಯವರು ಯಾರು ಅನ್ನುವುದೆಲ್ಲ ಅದರಲ್ಲಿದೆ. ಝಡ್‌ಎಫ್‌ಎಸ್ ಗೊತ್ತಿರುವ ಓಎಸ್ ಇದನ್ನು ಓದಿದರೆ ಸಾಕು, ಪೂಲ್ ಎದ್ದು ನಿಲ್ಲುತ್ತದೆ. ಬಸ್ಸಿನ ಡ್ರೈವರ್ ಬದಲಾದರೆ ಪ್ರಯಾಣಿಕರನ್ನು ಇಳಿಸಿ ಹೊಸಬರನ್ನು ಹತ್ತಿಸುವುದಿಲ್ಲ ಅಲ್ವಾ? ನೀವು ಒತ್ತಬೇಕಾದ್ದು ‘ಇಂಪೋರ್ಟ್ ಪೂಲ್’. ಪೂಲ್ ಆಗಲೇ ಇದೆ. ಇರುವುದನ್ನು ಮತ್ತೆ ಕ್ರಿಯೇಟ್ ಮಾಡಲು ಹೋದರೆ ಹಳೇ ಲೇಬಲ್ ಅಳಿದು ಹೊಸದು ಬರುತ್ತದೆ. ಅಲ್ಲಿಂದಾಚೆಗೆ ನಾನೂ ಖಾತ್ರಿ ಕೊಡಲಾರೆ.

ಡಿಸ್ಕ್‌ಗಳನ್ನು ಯಾವ ಸಾಲಿನಲ್ಲಿ ಹಾಕಿದಿರಿ, ಯಾವ ಪೋರ್ಟ್‌ಗೆ ಕೊಟ್ಟಿರಿ ಅನ್ನುವುದೂ ಮುಖ್ಯವಲ್ಲ. ಒಬ್ಬ ಆಡಿಟರಮ್ಮ ಆಯುಧಪೂಜೆಯ ರಜೆಯಲ್ಲೇ ಈ ಕೆಲಸ ಆಗಬೇಕು ಅಂತ ಪಟ್ಟು ಹಿಡಿದಿದ್ದರು. ಹೋಗಿ ನೋಡಿದರೆ ಪ್ರತಿ ಟ್ರೇಗೂ ನಂಬರ್ ಚೀಟಿ, ಮೇಲೆ ಅರಿಶಿನ ಕುಂಕುಮ. ಸಾಲು ತಪ್ಪಿದರೂ ಏನೂ ಆಗಲ್ಲ ಮೇಡಂ ಅಂದೆ. “ಇರಲಿ ಬಿಡಿ, ನಮ್ಮ ಸಮಾಧಾನಕ್ಕೆ” ಅಂದರು. ಚೀಟಿ ಅಂಟಿಸುವುದು ಒಳ್ಳೆಯದೇ, ನಾಳೆ ಕೆಟ್ಟ ಡಿಸ್ಕ್ ಹುಡುಕುವಾಗ ಬೇಕಾಗುತ್ತದೆ. ಆದರೆ ಬರೀ 1, 2 ಅಂತ ಬೇಡ, ಸೀರಿಯಲ್ ನಂಬರ್ ಬರೆಯಿರಿ.

ಸ್ಟುಡಿಯೋದವರೊಬ್ಬರ ಕತೆ ಹೀಗೆ ಮುಗಿಯಲಿಲ್ಲ. ಅವರ ಅಣ್ಣನ ಮಗ ಇಂಜಿನಿಯರ್, ಅವನೇ ಮಾಡಿದ. ಆಮೇಲೆ ನನಗೆ ಫೋನ್: “ಸಾರ್, ಡಿಸ್ಕ್ ಎಲ್ಲಾ ಕಾಣಿಸ್ತಿದೆ, ಫೋಲ್ಡರ್ ಮಾತ್ರ ಒಂದೂ ಇಲ್ಲ.” ಸ್ಕೇಲ್ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಈ ಡಿಸ್ಕ್‌ಗಳಲ್ಲಿ ಬೇರೆ ಪೂಲ್ ಇದೆ ಅಂತ ಹೆಸರು ಸಮೇತ ಎಚ್ಚರಿಸುತ್ತದೆ. ಹುಡುಗ ಅದಕ್ಕೂ ಟಿಕ್ ಹಾಕಿ ಮುಂದೆ ಹೋಗಿದ್ದ. ಎಡಿಟರ್‌ಗಳ ಲ್ಯಾಪ್‌ಟಾಪ್‌ನಲ್ಲಿ ಉಳಿದಿದ್ದ ಒಂದಷ್ಟು ಮದುವೆಗಳು ಸಿಕ್ಕವು, ಮಿಕ್ಕವು ಹೋದವು. ಮಾಲೀಕರು ಹುಡುಗನನ್ನು ಬೈಯಲಿಲ್ಲ. ನನ್ನ ಮುಂದೆ ಅಂತೂ ಬೈಯಲಿಲ್ಲ.

ಹಳೇ ಓಎಸ್‌ನಿಂದ ಪೂಲ್ ಬಿಡಿಸಿಕೊಳ್ಳುವಾಗಲೂ ಎಡವುವ ಜಾಗ ಒಂದಿದೆ. ‘ಎಕ್ಸ್‌ಪೋರ್ಟ್/ಡಿಸ್ಕನೆಕ್ಟ್’ ಒತ್ತಿದರೆ ಬರುವ ಕಿಟಕಿಯಲ್ಲಿ, ಪೂಲ್‌ನ ಡೇಟಾ ನಾಶ ಮಾಡಬೇಕೇ ಅನ್ನುವ ಚೌಕವೂ ಇರುತ್ತದೆ. ಅದನ್ನು ಖಾಲಿ ಬಿಡಿ. ಆಮೇಲೆ ಮೆಷಿನ್ ಆಫ್ ಮಾಡಿ, ಡೇಟಾ ಡಿಸ್ಕ್‌ಗಳ ಕೇಬಲ್ ಕಿತ್ತು, ಓಎಸ್ ಕೂರುವ ಬೂಟ್ ಡಿಸ್ಕ್ ಒಂದನ್ನೇ ಇಟ್ಟುಕೊಂಡು ಹೊಸ ಓಎಸ್ ಹಾಕಿ. ಇನ್‌ಸ್ಟಾಲರ್ ಕಣ್ಣಿಗೇ ಬೀಳದ ಡಿಸ್ಕನ್ನು ಅದು ಅಳಿಸಲಾರದು. ಕಮ್ಯಾಂಡ್ ಬಲ್ಲವರು ‘ಝಡ್‌ಪೂಲ್ ಇಂಪೋರ್ಟ್’ ಅಂತ ಹೆಸರಿಲ್ಲದೆ ಕೊಟ್ಟು ನೋಡಬಹುದು. ಯಾವ ಪೂಲ್ ಸಿಕ್ಕಿದೆ ಅಂತ ಪಟ್ಟಿ ಕೊಡುತ್ತದೆ ಅಷ್ಟೇ, ಏನನ್ನೂ ಬದಲಿಸುವುದಿಲ್ಲ. ಅನುಮಾನ ಇದ್ದರೆ ಮೊದಲು ರೀಡ್-ಓನ್ಲಿಯಾಗಿ ಇಂಪೋರ್ಟ್ ಮಾಡಿ, ಫೈಲ್ ತೆರೆದು ನೋಡಿ.

ಎಲ್ಲವೂ ಡಿಸ್ಕ್‌ನಲ್ಲೇ ಇದೆ ಅಂದೆನಲ್ಲ, ಅದಕ್ಕೊಂದು ಅಪವಾದ ಇದೆ. ಪೂಲನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಬೀಗ ಹಾಕಿ, ಅದನ್ನು ತೆರೆಯಲು ಕೀ ಫೈಲ್ ಬಳಸಿದ್ದರೆ, ಆ ಕೀ ಇರುವುದು ಬೂಟ್ ಡಿಸ್ಕ್‌ನ ಕಾನ್ಫಿಗ್‌ನಲ್ಲಿ, ಅಂದರೆ ಓಎಸ್‌ನ ಸೆಟ್ಟಿಂಗ್‌ಗಳಲ್ಲಿ. ಬೂಟ್ ಡಿಸ್ಕ್ ಅಳಿಸಿ ಆಮೇಲೆ ಕೀ ಹುಡುಕಿದರೆ ದೇವರೇ ಗತಿ. ಮೊದಲೇ ಕೀ ಡೌನ್‌ಲೋಡ್ ಮಾಡಿ ಬೇರೆ ಕಡೆ ಇಡಿ, ಕಾನ್ಫಿಗ್ ಫೈಲನ್ನೂ ಇಳಿಸಿಕೊಳ್ಳಿ. ಇನ್ನೂ ಹಳೇ ಗೆಲಿ ಎನ್‌ಕ್ರಿಪ್ಷನ್ ಇರುವ ಪೂಲ್ ಆದರೆ ಸ್ಕೇಲ್ ಅದನ್ನು ತೆರೆಯುವುದೇ ಇಲ್ಲ, ಅದು ಫ್ರೀಬಿಎಸ್‌ಡಿಯ ಸ್ವತ್ತು. ಕೋರ್‌ನಲ್ಲಿರುವಾಗಲೇ ಡೇಟಾವನ್ನು ಬೇರೆ ಪೂಲ್‌ಗೆ ಕಾಪಿ ಮಾಡಿಕೊಳ್ಳಬೇಕು. ಡಿಸ್ಕ್‌ಗಳು ಅವನ್ನು ತಾನೇ ಒಟ್ಟುಗೂಡಿಸುವ ರೇಡ್ ಕಾರ್ಡ್ ಹಿಂದೆ ಕೂತಿದ್ದರೆ ನಾನು ಕಣ್ಣಾರೆ ನೋಡದೆ ಏನೂ ಹೇಳುವುದಿಲ್ಲ, ಕಾರ್ಡ್‌ನಿಂದ ಕಾರ್ಡ್‌ಗೆ ವ್ಯತ್ಯಾಸ ಇರುತ್ತದೆ. ಕೋರ್‌ನ ಜೈಲ್‌ಗಳು, ಅಂದರೆ ಆ್ಯಪ್‌ಗಳನ್ನು ಪ್ರತ್ಯೇಕವಾಗಿ ಓಡಿಸುವ ಗೂಡುಗಳು, ಲಿನಕ್ಸ್‌ನಲ್ಲಿ ಓಡುವುದಿಲ್ಲ, ಅದಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕು.

ಇಂಪೋರ್ಟ್ ಆದ ಮೇಲೆ ಗಂಟೆಯ ಗುರುತಿನಲ್ಲಿ ಒಂದು ಸಂದೇಶ ಬರುತ್ತದೆ, ಪೂಲ್‌ಗೆ ಹೊಸ ಫೀಚರ್‌ಗಳಿವೆ, ಅಪ್‌ಗ್ರೇಡ್ ಮಾಡಿ ಅಂತ. ಸುಮ್ನೆ ಬಿಡಿ. ಅಪ್‌ಗ್ರೇಡ್ ಮಾಡಿದ ಪೂಲನ್ನು ಹಳೇ ಓಎಸ್ ಓದಲಿಕ್ಕಿಲ್ಲ, ಹಿಂದಕ್ಕೆ ಬರುವ ದಾರಿಯೂ ಇಲ್ಲ. ನಾನು ಒಂದು ತಿಂಗಳಾದರೂ ಕಾಯಿಸುತ್ತೇನೆ, ಆಡಿಟರ್ ಆದರೆ ರಿಟರ್ನ್ಸ್ ಗಡಿಬಿಡಿ ಮುಗಿಯುವವರೆಗೆ. ಹೊಸ ಓಎಸ್‌ಗೆ ಬೇರೆ ಎಸ್‌ಎಸ್‌ಡಿ ತಂದು, ಹಳೇ ಬೂಟ್ ಡಿಸ್ಕನ್ನು ಹಾಗೇ ತೆಗೆದಿಟ್ಟಿದ್ದರೆ ಇನ್ನೂ ಒಳ್ಳೆಯದು. ಸ್ಕೇಲ್ ಸರಿಹೋಗದಿದ್ದರೆ ಅದನ್ನೇ ಮತ್ತೆ ಸಿಕ್ಕಿಸಿ ಪೂಲ್ ಇಂಪೋರ್ಟ್ ಮಾಡಿದರೆ, ಸಾಮಾನ್ಯವಾಗಿ ಮರುದಿನದ ಕೆಲಸ ನಿಲ್ಲುವುದಿಲ್ಲ.