ಕಾಲ್ಪನಿಕ ಕಾಡುಸೀಮೆಯ ನಕ್ಷೆ: ಯಾವುದರಿಂದ ಆರಂಭಿಸಬೇಕು?

ಪ್ರಶ್ನೆ: ಗೆಳೆಯರೊಂದಿಗೆ ಆಡಲಿರುವ ರೋಲ್ ಪ್ಲೇಯಿಂಗ್ ಆಟಕ್ಕಾಗಿ (ಆಟಗಾರರು ಪಾತ್ರಗಳಾಗಿ ಕಲ್ಪಿತ ಲೋಕದಲ್ಲಿ ಕಥೆ ನಡೆಸುವ ಆಟ) ದೊಡ್ಡದೊಂದು ಕಾಡುಸೀಮೆಯ ನಕ್ಷೆ ಬರೆಯುತ್ತಿದ್ದೇನೆ. ಬೆಟ್ಟ, ಕಾಡು, ನದಿ, ಮರುಭೂಮಿ ಎಲ್ಲವನ್ನೂ ಹಾಕಿದ ಮೇಲೂ ಅದು ನಿಜವಾದ ನಾಡಿನಂತೆ ಕಾಣುತ್ತಿಲ್ಲ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಪರ್ವತಸಾಲು ಎಲ್ಲಿದೆ, ಮಳೆ ತರುವ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂಬ ಎರಡು ಸಂಗತಿಗಳನ್ನು ಮೊದಲು ನಿರ್ಧರಿಸಿ. ಕಾಡು, ಹುಲ್ಲುಗಾವಲು, ಜೌಗು, ಊರು, ಪಾಳುಬಿದ್ದ ಕೋಟೆ ಇವೆಲ್ಲವೂ ಆ ಎರಡರಿಂದಲೇ ಬಹುಮಟ್ಟಿಗೆ ತೀರ್ಮಾನವಾಗುತ್ತವೆ. ಇದರ ಪ್ರಯೋಜನ ಆಟ ನಡೆಯುವಾಗಲೇ ಕಾಣುತ್ತದೆ. ದಾರಿ ತಪ್ಪಿದ ತಂಡವೊಂದು ‘ಈ ಹಳ್ಳದ ಜಾಡು ಹಿಡಿದು ಇಳಿದರೆ ದೊಡ್ಡ ಹೊಳೆ ಸಿಗುತ್ತದೆ, ಹೊಳೆ ದಾಟುವ ಕಡೆ ಜನರಿರುತ್ತಾರೆ’ ಎಂದು ತಾನೇ ತರ್ಕಿಸಿ ಮುಂದುವರಿದಾಗ ಆ ತರ್ಕ ಫಲಿಸಬೇಕು. ಆಟಗಾರರು ಯೋಚಿಸಿ ಓದಬಲ್ಲ ನಕ್ಷೆಯೇ ಒಳ್ಳೆಯ ನಕ್ಷೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಟ್ಟಗಳನ್ನು ಕಾಗದದ ತುಂಬ ಅಲ್ಲಲ್ಲಿ ಚೆಲ್ಲಬೇಡಿ. ಭೂಫಲಕಗಳು ಡಿಕ್ಕಿ ಹೊಡೆದಾಗ ಮೇಲೆದ್ದ ಹಿಮಾಲಯವಾಗಲಿ, ಭೂಖಂಡ ಒಡೆದು ಬೇರೆಯಾದಾಗ ಉಳಿದ ಅಂಚಿನ ಪಶ್ಚಿಮ ಘಟ್ಟಗಳಾಗಲಿ, ಉದ್ದವಾದ ಸಾಲಾಗಿಯೇ ನಿಂತಿವೆ. ಒಂಟಿ ಶಿಖರ ಬೇಕೆನಿಸಿದರೆ ಅದನ್ನು ಜ್ವಾಲಾಮುಖಿಯಾಗಿಸಿ, ಇಲ್ಲವೇ ಸುತ್ತಲಿನ ಮಣ್ಣು ಸವೆದು ಉಳಿದ ಗಟ್ಟಿಬಂಡೆಯಾಗಿಸಿ. ಸಾಲಿನ ನಡುವೆ ಒಂದೆರಡು ಕಡೆ ಕಂಡಿ ಬಿಡುವುದನ್ನು ಮಾತ್ರ ಮರೆಯಬಾರದು. ಪಶ್ಚಿಮ ಘಟ್ಟಗಳಲ್ಲಿ ಪಾಲ್ಘಾಟ್ ಬಳಿ ಇರುವ ಸುಮಾರು 30 ಕಿ.ಮೀ. ಅಗಲದ ತೆರಪಿನಿಂದಲೇ ಗಾಳಿ, ವ್ಯಾಪಾರ, ಈಗಿನ ರೈಲು ಎಲ್ಲವೂ ಆಚೀಚೆ ಹೋಗುತ್ತಿವೆ. ನಿಮ್ಮ ಆಟದಲ್ಲಿ ಸುಂಕದ ಕಟ್ಟೆಯೋ ದರೋಡೆಕೋರರ ಅಡ್ಡೆಯೋ ಇರಬೇಕಾದದ್ದು ಇಂಥ ಕಂಡಿಯಲ್ಲಿಯೇ.

ಇನ್ನು ಗಾಳಿ. ಕನ್ನಡಿಗರಿಗೆ ಇದನ್ನು ಕಲಿಯಲು ದೂರ ಹೋಗುವ ಅಗತ್ಯವಿಲ್ಲ. ಜೂನ್‌ನಲ್ಲಿ ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಏರಿದಂತೆ ತಣಿದು, ಹೊತ್ತು ತಂದ ನೀರನ್ನು ಅಲ್ಲೇ ಸುರಿಸುತ್ತದೆ. ಘಟ್ಟದ ನೆತ್ತಿಯ ಮೇಲಿರುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆಯಾದರೆ, ಅಲ್ಲಿಂದ ನೇರ ರೇಖೆಯಲ್ಲಿ ಸುಮಾರು 70 ಕಿ.ಮೀ. ಒಳಗಿರುವ ಶಿವಮೊಗ್ಗದಲ್ಲಿ ಅದು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಇನ್ನೂ ಪೂರ್ವಕ್ಕೆ ಸರಿದು ಚಿತ್ರದುರ್ಗದ ಕಡೆ ಹೋದರೆ ಕುರುಚಲು ಕಾಡು, ಬಂಡೆಗುಡ್ಡ, ಕುರಿಮಂದೆಗಳ ಸೀಮೆ ಎದುರಾಗುತ್ತದೆ. ಇದೇ ಮಳೆನೆರಳು. ಆದ್ದರಿಂದ ದಟ್ಟಡವಿಯನ್ನು ಗಾಳಿಗೆ ಎದುರಾದ ಇಳಿಜಾರಿನಲ್ಲೂ ಒಣಭೂಮಿಯನ್ನು ಅದರ ಬೆನ್ನಿನ ಕಡೆಯಲ್ಲೂ ಇಟ್ಟರೆ, ಅವೆರಡು ಹತ್ತಿರ ಹತ್ತಿರವೇ ಇದ್ದರೂ ಯಾರಿಗೂ ಅಸಹಜವೆನಿಸುವುದಿಲ್ಲ.

ಹೆಚ್ಚಿನ ನಕ್ಷೆಗಳು ಕೆಡುವುದು ನದಿಗಳಲ್ಲಿ. ನದಿಗಳು ಇಳಿಯುತ್ತ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕವಲೊಡೆಯುವುದು ಬಹುತೇಕ ಸಮುದ್ರಕ್ಕೆ ಸೇರುವ ಮುನ್ನ, ನೆಲ ಸಪಾಟಾದ ಮುಖಜಭೂಮಿಯಲ್ಲಿ ಮಾತ್ರ. ನಡುನಾಡಿನಲ್ಲಿ ಒಂದು ನದಿ ಎರಡಾಗಿ ಬೇರೆ ಬೇರೆ ಸಮುದ್ರಗಳಿಗೆ ಹೋಗುವುದು, ಒಂದು ಸರೋವರದಿಂದ ಎರಡು ನದಿಗಳು ಹೊರಡುವುದು, ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ನದಿ ಹಾಯುವುದು, ಇವು ಹೊಸಬರ ನಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷಗಳು. ವೆನೆಜುವೆಲಾದಲ್ಲಿ ಒರಿನೋಕೊ ನದಿಯಿಂದ ಒಡೆದು ಅಮೆಜಾನ್ ಜಾಲವನ್ನು ಸೇರುವ ಕ್ಯಾಸಿಕಿಯಾರೆ ಎಂಬ ಕವಲು ನಿಜಕ್ಕೂ ಇದೆ, 1800ರಲ್ಲಿ ಜರ್ಮನ್ ಪರಿಶೋಧಕ ಹಂಬೋಲ್ಟ್ ಅದರಲ್ಲಿ ದೋಣಿಯಲ್ಲಿ ಸಾಗಿದ್ದರು. ಅದು ಅಷ್ಟು ಪ್ರಸಿದ್ಧವಾಗಿರುವುದು ಅಷ್ಟು ಅಪರೂಪವಾಗಿರುವುದರಿಂದಲೇ.

ನದಿ ಯಾವ ಕಡೆ ಹರಿಯಬೇಕೆಂಬುದನ್ನು ಸಮುದ್ರ ಎಷ್ಟು ಹತ್ತಿರವಿದೆ ಎಂಬುದರಿಂದ ನಿರ್ಧರಿಸಬಾರದು, ನೆಲದ ವಾಟವನ್ನು ನೋಡಬೇಕು. ತಲಕಾವೇರಿಯಿಂದ ಅರಬ್ಬೀ ಸಮುದ್ರಕ್ಕೆ ನೇರವಾಗಿ 60 ಕಿ.ಮೀ. ಕೂಡ ಇಲ್ಲ, ಆದರೂ ಕಾವೇರಿ ಪೂರ್ವಕ್ಕೆ ತಿರುಗಿ, ಸುಮಾರು 800 ಕಿ.ಮೀ. ಹರಿದು ಬಂಗಾಳಕೊಲ್ಲಿಯನ್ನು ಸೇರುತ್ತಾಳೆ, ಏಕೆಂದರೆ ಪ್ರಸ್ಥಭೂಮಿ ಪೂರ್ವಕ್ಕೆ ವಾಲಿದೆ. ಹೀಗೆ ಒಂದೇ ಸಾಲಿನ ಎರಡು ಬದಿಗಳ ನದಿಗಳ ಸ್ವಭಾವವೇ ಬೇರೆಯಾಗುತ್ತದೆ. ಕಡಿದಾದ ಬದಿಯವು ಗಿಡ್ಡ, ರಭಸದವು, ಪ್ರಸ್ಥಭೂಮಿಯ ಅಂಚಿನಲ್ಲಿ ಜಲಪಾತವಾಗಿ ಧುಮುಕುವಂಥವು. ಜೋಗದಲ್ಲಿ ಶರಾವತಿ 253 ಮೀಟರ್ ಬೀಳುವುದು ಇಂಥ ಅಂಚಿನಲ್ಲಿಯೇ. ವಾಲಿದ ಬದಿಯ ನದಿಗಳು ಉದ್ದವಾಗಿ, ನಿಧಾನವಾಗಿ ಸಾಗುತ್ತವೆ. ಹೀಗಾಗಿ ಜಲಪಾತವನ್ನು ಬಯಲಿನ ನಡುವೆ ಇಟ್ಟರೆ ಅದು ಹೊಂದುವುದಿಲ್ಲ.

ಅಳತೆಯನ್ನು ಆಟದ ನಡಿಗೆಗೆ ಹೊಂದಿಸಿ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಎಂಬ ಪ್ರಸಿದ್ಧ ರೋಲ್ ಪ್ಲೇಯಿಂಗ್ ಆಟದ ಐದನೇ ಆವೃತ್ತಿಯಲ್ಲಿ ಸಾಧಾರಣ ವೇಗದ ತಂಡ ದಿನಕ್ಕೆ 24 ಮೈಲಿ ನಡೆಯುತ್ತದೆ, ದುರ್ಗಮ ನೆಲದಲ್ಲಿ ಅದರ ಅರ್ಧ. ಆರು ಮೈಲಿಯ, ಅಂದರೆ ಹತ್ತಿರ ಹತ್ತಿರ 10 ಕಿ.ಮೀ.ಯ ಷಟ್ಕೋನದ ಮನೆಗಳನ್ನು ಹಾಕಿಕೊಂಡರೆ ಬಯಲಿನಲ್ಲಿ ದಿನಕ್ಕೆ ನಾಲ್ಕು ಮನೆ, ಅಡವಿಯಲ್ಲಿ ಎರಡು. ಆ ಲೆಕ್ಕದಲ್ಲಿ ಆಗುಂಬೆಯಿಂದ ಶಿವಮೊಗ್ಗದವರೆಗಿನ ಅಂತರ ಏಳು ಮನೆ. ಮಳೆಕಾಡಿನಿಂದ ಒಣಸೀಮೆಯ ಹೊಸ್ತಿಲಿಗೆ ಬರಲು ಮೂರು ನಾಲ್ಕು ದಿನದ ಅಡವಿದಾರಿ. ಒಂದು ಕ್ಯಾಂಪೇನಿನ, ಅಂದರೆ ಹಲವು ಕಂತುಗಳಲ್ಲಿ ಸಾಗುವ ಒಂದೇ ಕಥೆಯ, ಮೊದಲ ಕೆಲವು ಕಂತುಗಳಿಗೆ ಇಷ್ಟು ವಿಸ್ತಾರ ಧಾರಾಳವಾಗಿ ಸಾಕು, ಇಡೀ ಭೂಖಂಡ ಬರೆಯುವ ಶ್ರಮ ಬೇಡ.

ಊರು, ಗುಡಿ, ಕೋಟೆಯಂಥ ಜನರ ಗುರುತುಗಳನ್ನು ಕೊನೆಗೆ ಇಡಿ, ಅವು ನೀರು ಮತ್ತು ನೆಲ ಒದಗಿಬಂದ ಕಡೆಯೇ ಹುಟ್ಟುತ್ತವೆ. ತುಂಗೆ ಮತ್ತು ಭದ್ರೆ ಕೂಡುವ ಕೂಡಲಿಯಲ್ಲಿ ಹಳೆಯ ದೇವಾಲಯಗಳಿವೆ. ಹಂಪಿಯ ಉತ್ತರಕ್ಕೆ ತುಂಗಭದ್ರೆ, ಸುತ್ತ ಹೆಬ್ಬಂಡೆಗಳ ಗುಡ್ಡ. ಆಚೆ ದಡದ ಆನೆಗೊಂದಿಗೆ ಹೋಗಲು ಹಿಂದೆ ಹರಿಗೋಲು ಬೇಕಿತ್ತು, ಹೊಳೆ ತುಂಬಿದರೆ ಅದೂ ನಡೆಯುತ್ತಿರಲಿಲ್ಲ. ಸೈನ್ಯವನ್ನು ತಡೆಯುವ ಜಾಗ ಯಾವುದೆಂದು ಇಂಥ ಸ್ಥಳ ನೋಡಿದರೆ ತಿಳಿಯುತ್ತದೆ. ನಿಮ್ಮ ಕಾಡಿನ ಪಾಳುನಗರಕ್ಕೂ ಹಿಂದೊಮ್ಮೆ ನೀರು, ಕಲ್ಲು, ದಾರಿ ಇದ್ದವೆಂಬ ಕುರುಹು ಇರಲಿ.

ಮಾಂತ್ರಿಕ ಲೋಕದಲ್ಲಿ ನಿಯಮ ಮುರಿಯಬಾರದೇ ಎಂದು ನೀವು ಕೇಳಬಹುದು. ಖಂಡಿತ ಮುರಿಯಬಹುದು, ಆದರೆ ಒಂದೆರಡು ಕಡೆ ಮಾತ್ರ, ಮತ್ತು ಕಾರಣ ನಿಮಗೆ ಗೊತ್ತಿರಬೇಕು. ಉಳಿದ ನಕ್ಷೆ ನೇರವಾಗಿದ್ದಾಗ ಆ ಒಂದು ಅಸಂಗತಿ ಆಟಗಾರರ ಕಣ್ಣಿಗೆ ಸುಳಿವಾಗಿ ಬೀಳುತ್ತದೆ. ಧಾರಾಕಾರ ಮಳೆಯ ನಾಡಿನಲ್ಲಿ ಹೊರಹರಿವೇ ಇಲ್ಲದ ಒಂದು ಸರೋವರವಿದೆ ಎನ್ನಿ. ನೀರು ಎಲ್ಲಿ ಹೋಗುತ್ತಿದೆ? ಮೇಘಾಲಯದಲ್ಲಿ ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ನೆಲದಡಿ ಕಿಲೋಮೀಟರುಗಟ್ಟಲೆ ಗುಹೆಗಳನ್ನು ಕೊರೆದಿರುವಂತೆ, ಇಲ್ಲಿಯೂ ನೀರು ಪಾತಾಳದ ದಾರಿ ಹಿಡಿದಿರಬಹುದು. ಆಗ ಎರಡು ಮನೆ ಕೆಳಗೆ, ಬೇಸಿಗೆಯಲ್ಲೂ ಬತ್ತದ ದೊಡ್ಡದೊಂದು ಒರತೆಯನ್ನು ಬರೆದಿಡಿ. ಗುಹೆಯ ಎರಡನೆಯ ಬಾಗಿಲು ಅದೇ, ಮತ್ತು ಅದನ್ನು ತಂಡ ಯಾವ ಕಡೆಯಿಂದ ಮೊದಲು ಕಂಡುಹಿಡಿಯುತ್ತದೆ ಎಂಬುದನ್ನು ಅವರಿಗೇ ಬಿಡಿ.