ಕೆಟ್ಟಿದ್ದು ರಕ್ತವಲ್ಲ

ಮೈಮೇಲೆ ಕೆಂಪಗೆ ಎದ್ದರೆ ಸಾಕು, "ರಕ್ತ ಕೆಟ್ಟಿದೆ" ಎನ್ನುವವರು ಮನೆಗೊಬ್ಬರು ಇರುತ್ತಾರೆ. ಶುರುವಾಯಿತು ರಕ್ತಶುದ್ಧಿಯ ಪುಡಿ, ಕಷಾಯ, ಪಥ್ಯ. ಪಿತ್ತದ ಗಂಧೆ ಆದರಂತೂ ಕಂಬಳಿಯಿಂದ ಮೈ ಉಜ್ಜುತ್ತಾರೆ. ಪಾಪ, ಮೊದಲೇ ತುರಿಕೆ!

ಚರ್ಮ ಕೆಂಪಾಯಿತು ಅಂದರೆ ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗಿವೆ, ರಕ್ತ ಜಾಸ್ತಿ ಹರಿಯುತ್ತಿದೆ ಅಂತ ಅರ್ಥ. ವೈದ್ಯರು ಇದನ್ನು ಎರಿಥಿಮಾ ಅನ್ನುತ್ತಾರೆ. ತೂಬು ಎತ್ತಿದರೆ ಗದ್ದೆಗೆ ನೀರು ಜಾಸ್ತಿ ಬರುತ್ತದೆ, ಹಾಗಂತ ಕೆರೆಯ ನೀರು ಕೆಟ್ಟಿತು ಅಂತ ಯಾರೂ ಹೇಳುವುದಿಲ್ಲ ಅಲ್ವಾ?

ಈ ತೂಬು ಎತ್ತುವವರು ಯಾರು? ಅದೇ ನನಗೆ ತುಂಬಾ ಇಷ್ಟದ ವಿಷಯ. 1920ರ ದಶಕದಲ್ಲಿ ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಚರ್ಮದ ಮೇಲೆ ಮೊಂಡು ತುದಿಯಿಂದ ಗಟ್ಟಿಯಾಗಿ ಗೀರಿ, ಮುಂದೇನಾಗುತ್ತದೆ ಅಂತ ತಾಳ್ಮೆಯಿಂದ ನೋಡಿದರು. ಮೊದಲು ಗೀರಿದಲ್ಲೇ ಕೆಂಪು ಗೆರೆ. ಸ್ವಲ್ಪ ಹೊತ್ತಿಗೆ ಗೆರೆಯ ಆಚೀಚೆ, ಏನೂ ತಾಗದೇ ಇದ್ದ ಚರ್ಮವೂ ಕೆಂಪು. ಕೊನೆಗೆ ಗೆರೆಯೇ ದದ್ದಿನಂತೆ ಉಬ್ಬುತ್ತದೆ.

ಹೀಗೆ ಗೀರಿದಾಗ ಚರ್ಮದಲ್ಲಿರುವ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳು ಹಿಸ್ಟಮೈನ್ ಎಂಬ ರಾಸಾಯನಿಕವನ್ನು ಸುರಿಯುತ್ತವೆ. ಅದು ರಕ್ತನಾಳವನ್ನು ಹಿಗ್ಗಿಸುತ್ತದೆ, ನಾಳದಿಂದ ನೀರಿನಂಶ ಸೋರಿ ಚರ್ಮ ಉಬ್ಬುತ್ತದೆ. ಸರಿ, ಆದರೆ ಏನೂ ತಾಗದ ಜಾಗ ಯಾಕೆ ಕೆಂಪಾಗಬೇಕು? ಅದು ನರದ ಕೆಲಸ. ಹಿಸ್ಟಮೈನ್ ತಾಗಿದ ನರದ ತುದಿಯಿಂದ ಸಂದೇಶ ಮೇಲಕ್ಕೆ ಹೊರಡುತ್ತದೆ, ದಾರಿಯಲ್ಲಿ ಕವಲು ಸಿಕ್ಕಲ್ಲಿ ಇನ್ನೊಂದು ಕೊಂಬೆ ಹಿಡಿದು ಚರ್ಮಕ್ಕೇ ವಾಪಸ್ ಇಳಿದು ಅಲ್ಲಿನ ರಕ್ತನಾಳಗಳನ್ನೂ ಹಿಗ್ಗಿಸುತ್ತದೆ. ಮಿದುಳಿನ ಅಪ್ಪಣೆಯೇ ಬೇಕಿಲ್ಲ! ನರವನ್ನು ಕತ್ತರಿಸಿದ ಕೂಡಲೇ ಪರೀಕ್ಷಿಸಿದರೂ ಸುತ್ತಲಿನ ಕೆಂಪು ಬರುತ್ತದೆ. ಕೆಲವು ದಿನ ಕಳೆದು ನರ ತುದಿಯವರೆಗೂ ಸತ್ತ ಮೇಲೆ ಮಾತ್ರ ಬರುವುದಿಲ್ಲ.

ಕುಷ್ಠರೋಗದ ಪತ್ತೆಗೆ ಇದು ನೆರವಾಯಿತು. ಆ ರೋಗ ಚರ್ಮದ ನರಗಳನ್ನೇ ಹಾಳು ಮಾಡುತ್ತದೆ. ಹಾಗಾಗಿ ಆ ರೋಗದ ಮಚ್ಚೆಯ ಮೇಲೆ ಹಿಸ್ಟಮೈನ್ ಹನಿ ಹಾಕಿ ಚುಚ್ಚಿದರೆ ದದ್ದು ಏಳುತ್ತದೆ, ಸುತ್ತ ಕೆಂಪು ಹರಡುವುದಿಲ್ಲ.

ಕಂಬಳಿಯ ವಿಷಯಕ್ಕೆ ಬರೋಣ. ಕೆಲವರ ಮಾಸ್ಟ್ ಕೋಶಗಳು ಬರೀ ಉಜ್ಜಿದ್ದಕ್ಕೇ ಹಿಸ್ಟಮೈನ್ ಸುರಿಯುತ್ತವೆ, ಅಂಥವರಿಗೆ ಉಜ್ಜಿದಷ್ಟೂ ಹೊಸ ಗಂಧೆ. ದಯವಿಟ್ಟು ಉಜ್ಜಬೇಡಿ. ಪುನರ್ಪುಳಿ (ಕೋಕಂ) ಶರಬತ್ತು ಕುಡಿಯಿರಿ, ತೊಂದರೆಯಿಲ್ಲ. ಆದರೆ ಹಿಸ್ಟಮೈನಿಗೆ ಅಡ್ಡ ನಿಲ್ಲುವುದು ಸೆಟ್ರಿಜಿನ್‌ನಂಥ ಮಾತ್ರೆ, ವೈದ್ಯರನ್ನು ಕೇಳಿ ತಗೊಳ್ಳಿ. ತುಟಿ, ನಾಲಿಗೆ ಊದಿಕೊಂಡರೆ ಅಥವಾ ಉಸಿರು ಕಟ್ಟಿದಂತಾದರೆ ಶರಬತ್ತು ಗಿರಬತ್ತು ಬಿಟ್ಟು ಆಸ್ಪತ್ರೆಗೆ ಓಡಿ.

ನಮ್ಮ ಕಂದು, ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಕೈಯಿಟ್ಟು ಬಿಸಿ ಇದೆಯಾ, ಉಬ್ಬಿದೆಯಾ ನೋಡಬೇಕು. ಕೆಂಪು ಕಂಡರೆ ಅದರ ಮೇಲೆ ಪಾರದರ್ಶಕ ಗಾಜಿನ ಲೋಟ ಒತ್ತಿ ಹಿಡಿಯಿರಿ. ಬಣ್ಣ ಮಾಸಿದರೆ ರಕ್ತ ನಾಳದೊಳಗೇ ಇದೆ. ಮಾಸದಿದ್ದರೆ ಅದು ನಾಳದಿಂದ ಹೊರಗೆ ಸೋರಿರಬಹುದು. ಜೊತೆಗೆ ಜ್ವರವೂ ಇದ್ದರೆ ಬೆಳಗಾಗುವವರೆಗೆ ಕಾಯಬೇಡಿ.