ರೆಕಾರ್ಡಿಂಗ್ ತಪ್ಪುವುದು ಬೋರ್ಡ್ ಸಣ್ಣದೆಂದಲ್ಲ

ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಆರ್ಮ್ (ಮೊಬೈಲಿನಲ್ಲಿರುವಂಥ ಪ್ರೊಸೆಸರಿನ) ಬೋರ್ಡಿನಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ, ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ಪೆಟ್ಟಿಗೆ ಕಟ್ಟಿಕೊಡುತ್ತೇನೆ ಎಂದರೆ ಜನ ಮೊದಲು ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ. ಧಾರವಾಡದ ಮಾಳಮಡ್ಡಿಯ ನಿವೃತ್ತ ಮಾಸ್ತರರೊಬ್ಬರು ನೇರವಾಗಿಯೇ ಕೇಳಿದರು: "ಇಷ್ಟ ಸಣ್ಣದಕ್ಕ ಅಷ್ಟೆಲ್ಲಾ ಕೆಲಸಾ ನೀಗತದೇನ್ರಿ?" ನೀಗುತ್ತದೆ, ಅದೂ ಆರಾಮಾಗಿ. ಕೈಕೊಡುವ ಜಾಗಗಳು ಬೇರೆ ಇವೆ.

ಉಪಗ್ರಹದಿಂದ ಬರುವ ಚಿತ್ರ ಆಗಲೇ ಕಂಪ್ರೆಸ್ ಆಗಿ ಬಂದಿರುತ್ತದೆ. ಡಿಶ್ಶಿನಿಂದ ಟ್ಯೂನರಿಗೆ, ಅಂದರೆ ಸಂಕೇತ ಹಿಡಿದು ಬೋರ್ಡಿಗೆ ಕೊಡುವ ಸಾಧನಕ್ಕೆ, ಇಳಿಯುವುದು 188 ಬೈಟುಗಳ ಪ್ಯಾಕೆಟ್ಟುಗಳ ಸಾಲು. ಅದರಲ್ಲಿ ನಮಗೆ ಬೇಕಾದ ಚಾನೆಲ್ಲಿನ ಪ್ಯಾಕೆಟ್ಟುಗಳನ್ನು ಆರಿಸಿ ಡಿಸ್ಕಿಗೆ ಬರೆದರೆ ರೆಕಾರ್ಡಿಂಗ್ ಮುಗಿಯಿತು. ಬಿಂದಿಗೆಯಿಂದ ಬಿಂದಿಗೆಗೆ ನೀರು ಸುರಿದಂತೆ. ಬೀಸುವುದೂ ಇಲ್ಲ, ಕುಟ್ಟುವುದೂ ಇಲ್ಲ. ಮಾಮೂಲಿ ಎಸ್‌ಡಿ (ಎಚ್‌ಡಿ ಅಲ್ಲದ) ಚಾನೆಲ್ ಸೆಕೆಂಡಿಗೆ 3 ಮೆಗಾಬಿಟ್ ಎಂದು ಹಿಡಿದರೆ ಗಂಟೆಗೆ ಸುಮಾರು 1.35 ಜಿಬಿ ಆಗುತ್ತದೆ. 500 ಜಿಬಿ ಡಿಸ್ಕಿನಲ್ಲಿ 350 ಗಂಟೆಯಷ್ಟು ಕೂರುತ್ತದೆ. ಬೋರ್ಡಿನ ಪ್ರೊಸೆಸರಿಗೆ ಇದು ಕೆಲಸವೆಂದು ಅನ್ನಿಸುವುದೇ ಇಲ್ಲ. ಅದಕ್ಕೆ ಏದುಸಿರು ಬರುವುದು, ಬಂದ ಚಿತ್ರವನ್ನು ಬಿಚ್ಚಿ ಬೇರೆ ರೂಪಕ್ಕೆ ಮತ್ತೆ ಕಟ್ಟಿ ಇಡು ಎಂದಾಗ. ಆದ್ದರಿಂದ ನಾನು ಬಳಸುವ ಟಿವಿಹೆಡ್‌ಎಂಡ್ ಸಾಫ್ಟ್‌ವೇರಿನಲ್ಲಿ 'ಪಾಸ್' ಪ್ರೊಫೈಲನ್ನೇ ಆರಿಸುತ್ತೇನೆ. ಬಂದ ಪ್ಯಾಕೆಟ್ಟುಗಳ ಸಾಲು ಬಂದ ಹಾಗೇ ಟಿಎಸ್ ಎಂಬ ಬಗೆಯ ಫೈಲಾಗಿ ಉಳಿಯುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ: ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗಿನ ಟಿಎಸ್ ಫೈಲ್ ಓಡುತ್ತದೆ. ಎಂಪಿ4 ಆಗಿದ್ದರೆ ಅದರ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುವಂಥದ್ದು. ಅರ್ಧಕ್ಕೆ ನಿಂತರೆ ಇಡೀ ಫೈಲೇ ತೆರೆಯದೆ ಹೋಗಬಹುದು.

ಹಳೆಯ ಡೆಸ್ಕ್‌ಟಾಪ್ ಬಿದ್ದಿದೆ, ಅದನ್ನೇ ಬಳಸಬಾರದೇ ಎನ್ನುವವರು ಬಹಳ. ಬಳಸಬಹುದು. ಆದರೆ ರೆಕಾರ್ಡರ್ ಹಗಲು ರಾತ್ರಿ ಎಚ್ಚರ ಇರಬೇಕು. 80 ವಾಟಿನ ಪಿಸಿ ತಿಂಗಳಿಗೆ ಸುಮಾರು 58 ಯೂನಿಟ್ ತಿನ್ನುತ್ತದೆ. ಪೈ 4, ಟ್ಯೂನರ್, ಡಿಶ್ಶಿನ ಮೂತಿಯ ಎಲ್‌ಎನ್‌ಬಿ, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಎಲ್ಲ ಸೇರಿ 10 ವಾಟ್ ಎಂದರೂ 7 ಯೂನಿಟ್ ಚಿಲ್ಲರೆ. ಗೃಹಜ್ಯೋತಿಯ ಉಚಿತ ಮಿತಿ ಆಯಾ ಮನೆಯ ಹಿಂದಿನ ಸರಾಸರಿಗೆ ಕಟ್ಟಿಕೊಂಡಿರುವುದರಿಂದ, 58 ಯೂನಿಟ್ ಎಂದರೆ ಹೆಸ್ಕಾಂ ಬಿಲ್ಲಿನಲ್ಲಿ ಎದ್ದು ಕಾಣುವ ಅಂಕಿ. ಇನ್ವರ್ಟರ್ ಬ್ಯಾಟರಿಯ ಮೇಲೆ ಎಷ್ಟು ಹೊತ್ತು ನಡೆದೀತು ಎಂಬ ಲೆಕ್ಕದಲ್ಲಂತೂ ಎರಡಕ್ಕೂ ಹೋಲಿಕೆಯೇ ಇಲ್ಲ.

ಯಾವ ಚಾನೆಲ್ ಹಿಡಿಯಬಹುದು? ಖಾಸಗಿ ಡಿಟಿಎಚ್ ಸಂಕೇತ ಬೀಗ ಹಾಕಿ ಬರುತ್ತದೆ, ಅದು ಈ ಪೆಟ್ಟಿಗೆಗೆ ದಕ್ಕುವುದಿಲ್ಲ. ನಮಗೆ ದಾರಿ ದೂರದರ್ಶನದ ಡಿಡಿ ಫ್ರೀ ಡಿಶ್. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಿನಲ್ಲಿ ಶುರುವಾದ ಸೇವೆ ಇದು. ಈಗ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ಅದರಲ್ಲೂ ಕೆಲವು ಚಾನೆಲ್ಲುಗಳಿಗೆ ಬೀಗ ಇದೆ, ಅಧಿಕೃತ ಸೆಟ್‌ಟಾಪ್ ಬಾಕ್ಸ್ ಬೇಕು. ಹಾಗಾಗಿ ಸಾಮಾನು ಕೊಳ್ಳುವ ಮೊದಲು ಒಂದು ಸಲ ಸ್ಕ್ಯಾನ್ ಮಾಡಿ, ಬೇಕಾದ ಚಾನೆಲ್ ಬೀಗವಿಲ್ಲದೆ ಬರುತ್ತಿದೆಯೇ ಎಂದು ತೋರಿಸಿಯೇ ಮುಂದುವರಿಯುತ್ತೇನೆ. ಆಕಾಶವಾಣಿಯ ರೇಡಿಯೊ ವಾಹಿನಿಗಳೂ ಇದೇ ಡಿಶ್ಶಿಗೆ ಬರುತ್ತವೆ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ಊರಿನಲ್ಲಿ ರಾತ್ರಿಯ ಸಂಗೀತ ಕಾರ್ಯಕ್ರಮ ಹಿಡಿದಿಟ್ಟುಕೊಳ್ಳಬೇಕೆಂಬ ಆಸೆಗೆ ಕಾರಣ ಕೇಳಬೇಕಿಲ್ಲ.

ಜಿಸ್ಯಾಟ್-15 ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ಹುಬ್ಬಳ್ಳಿಯಿಂದ ಲೆಕ್ಕ ಹಾಕಿದರೆ ಅದು ಉತ್ತರದಿಂದ ಪೂರ್ವದ ಕಡೆ ಸುಮಾರು 129 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಆಗ್ನೇಯ ಮೂಲೆ. ಎತ್ತರ ನೆಲದಿಂದ 62 ಡಿಗ್ರಿ. ಗದಗ, ಹಾವೇರಿಯಲ್ಲೂ ಇದರಲ್ಲಿ ದೊಡ್ಡ ಫರಕಿಲ್ಲ. ಇಷ್ಟು ಎತ್ತರಕ್ಕೆ ಮುಖ ಮಾಡಿದ ಡಿಶ್ಶಿಗೆ ಪಕ್ಕದ ಮನೆಯ ಮಹಡಿ ಅಡ್ಡ ಬರುವುದು ಅಪರೂಪ. ತೆಂಗಿನ ಗರಿ ಮಾತ್ರ ಗಾಳಿಗೆ ತೂಗಿ ತೂಗಿ ಅಡ್ಡ ಬಂದು, ರೆಕಾರ್ಡಿಂಗಿನಲ್ಲಿ ಚೌಕ ಚೌಕವಾಗಿ ಚಿತ್ರ ಒಡೆಯುತ್ತದೆ.

ಟ್ಯೂನರ್ ಕೊಳ್ಳುವಾಗ ಒಂದೇ ಪಟ್ಟು ಹಿಡಿಯಿರಿ: ಅದನ್ನು ನಡೆಸುವ ಸಾಫ್ಟ್‌ವೇರ್ ತುಣುಕು, ಅಂದರೆ ಡ್ರೈವರ್, ಲಿನಕ್ಸಿನ ತಿರುಳಾದ ಕರ್ನಲ್ಲಿನ ಒಳಗೇ ಇರಬೇಕು. ಡಬ್ಬಿಯ ಮೇಲೆ 'ಲಿನಕ್ಸ್ ಸಪೋರ್ಟ್' ಎಂದು ಅಚ್ಚಾಗಿದ್ದರೂ, ಒಳಗಿನ ಡ್ರೈವರ್ ಫೈಲ್ ಇಂಟೆಲ್ ಯಂತ್ರಕ್ಕೆ ಮಾತ್ರ ಕಂಪೈಲ್ ಆಗಿದ್ದರೆ ಆರ್ಮ್ ಬೋರ್ಡಿನಲ್ಲಿ ಅದು ಕಸ. ಒಂದು ಟ್ಯೂನರ್ ಒಂದು ಸಲಕ್ಕೆ ಒಂದು ಟ್ರಾನ್ಸ್‌ಪಾಂಡರನ್ನು, ಅಂದರೆ ಹಲವು ಚಾನೆಲ್ಲುಗಳನ್ನು ಒಟ್ಟಿಗೆ ಕಳಿಸುವ ಉಪಗ್ರಹದ ಒಂದು ಪ್ರಸಾರಕವನ್ನು, ಹಿಡಿಯುತ್ತದೆ. ಆದರೆ ಆ ಟ್ರಾನ್ಸ್‌ಪಾಂಡರಿನಲ್ಲಿರುವ ಹಲವು ಚಾನೆಲ್ಲುಗಳನ್ನು ಒಟ್ಟಿಗೇ ರೆಕಾರ್ಡ್ ಮಾಡಬಹುದು. ಇದು ತಿಳಿಯದೆ ಎರಡು ಮೂರು ಟ್ಯೂನರ್ ತಂದವರನ್ನು ನೋಡಿದ್ದೇನೆ. ಈಗಿರುವ ಸೆಟ್‌ಟಾಪ್ ಬಾಕ್ಸಿನ ಕೇಬಲನ್ನೇ ಕವಲೊಡೆಸಬೇಡಿ. ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳಿಸಿ ಧ್ರುವೀಕರಣ (ಅಡ್ಡ ಅಲೆಯೋ ನೆಟ್ಟನೆಯ ಅಲೆಯೋ ಎಂಬುದು) ಬದಲಿಸುವುದು ಆ ಕೇಬಲ್ಲಿನ ಮೇಲೆಯೇ, ಇಬ್ಬರು ಒಂದೇ ತಂತಿಯಲ್ಲಿ ಬೇರೆ ಬೇರೆ ಹುಕುಂ ಕೊಟ್ಟರೆ ಯಾರಿಗೂ ಚಿತ್ರ ಸಿಗುವುದಿಲ್ಲ. ಎರಡು ಹೊರದಾರಿಯ ಎಲ್‌ಎನ್‌ಬಿ ಹಾಕಿ ಎರಡು ಕೇಬಲ್ ಎಳೆಯುವುದು ಲೇಸು.

ಇನ್ನು ನಿಜವಾಗಿ ಕೈಕೊಡುವ ವಿಷಯ: ಕರೆಂಟ್. ಹೋಗುವುದಕ್ಕಿಂತ ಅದು ವಾಪಸ್ ಬಂದ ಮೇಲಿನ ಹೊತ್ತು ಹೆಚ್ಚು ಅಪಾಯ. ಪೈ 4ರವರೆಗಿನ ಬೋರ್ಡುಗಳಲ್ಲಿ ಬ್ಯಾಟರಿಯ ಮೇಲೆ ನಡೆಯುವ ಗಡಿಯಾರವಿಲ್ಲ. ಎದ್ದ ಕೂಡಲೇ ಇಂಟರ್‌ನೆಟ್ಟನ್ನು ಸಮಯ ಕೇಳುತ್ತದೆ. ಸಿಗದಿದ್ದರೆ ತಾನು ಕೊನೆಗೆ ನೆನಪಿಟ್ಟ ಸಮಯದಿಂದ ಮುಂದೆ ಎಣಿಸುತ್ತದೆ. ಹಾವೇರಿ ಕಡೆಯ ಹಳ್ಳಿಯೊಂದರಲ್ಲಿ ಅಡ್ಡಮಳೆಗೆ 7ಕ್ಕೆ ಹೋದ ಕರೆಂಟ್ 8ಕ್ಕೆ ಬಂತು ಎನ್ನಿ. ಇಂಟರ್‌ನೆಟ್ಟಿನ ಫೈಬರ್ ಲೈನ್ ಆ ರಾತ್ರಿ ಏಳಲೇ ಇಲ್ಲ. ಬೋರ್ಡಿನ ಪ್ರಕಾರ ಈಗ 7 ಗಂಟೆ. 8.30ರ ಕಾರ್ಯಕ್ರಮವನ್ನು ಅದು ನಿಷ್ಠೆಯಿಂದ 9.30ಕ್ಕೆ ರೆಕಾರ್ಡ್ ಮಾಡುತ್ತದೆ. ನಡೆದದ್ದನ್ನೆಲ್ಲ ಬರೆದಿಡುವ ಲಾಗಿನಲ್ಲಿ ಒಂದೂ ದೋಷ ಕಾಣುವುದಿಲ್ಲ. ಇದಕ್ಕೆ ಮದ್ದು ಡಿಎಸ್3231 ಎಂಬ ಸಣ್ಣ ಗಡಿಯಾರದ ಮಾಡ್ಯೂಲ್. ನಾಣ್ಯದಗಲದ ಸೆಲ್ಲಿನ ಮೇಲೆ ನಡೆಯುತ್ತದೆ, ವರ್ಷಕ್ಕೆ ಸುಮಾರು ಒಂದು ನಿಮಿಷ ಆಚೀಚೆ ಆದೀತು. ಇದಿಲ್ಲದೆ ನಾನು ಪೆಟ್ಟಿಗೆ ಮುಚ್ಚುವುದಿಲ್ಲ. ಪೈ 5ರಲ್ಲಿ ಗಡಿಯಾರ ಬೋರ್ಡಿನಲ್ಲೇ ಇದೆ, ಆದರೆ ಅದರ ಬ್ಯಾಟರಿಯನ್ನು ಬೇರೆ ಕೊಳ್ಳಬೇಕು. ಎಷ್ಟೋ ಜನ ಕೊಂಡಿರುವುದಿಲ್ಲ.

ಎರಡನೆಯದು ಅಡಾಪ್ಟರ್. ಪೈ 4 ಕೇಳುವುದು 5.1 ವೋಲ್ಟ್, 3 ಆಂಪಿಯರ್. ಮೊಬೈಲ್ ಚಾರ್ಜರ್ ಮತ್ತು ತೆಳ್ಳನೆಯ ಕೇಬಲ್ ಹಾಕಿದರೆ, ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಡಿಸ್ಕೇ ಕಾಣೆಯಾಗುತ್ತದೆ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಕಂಡರೆ ಸಾಫ್ಟ್‌ವೇರ್ ಕೆದಕಬೇಡಿ, ಅಡಾಪ್ಟರ್ ಬದಲಿಸಿ. ರೆಕಾರ್ಡಿಂಗನ್ನು ಎಸ್‌ಡಿ ಕಾರ್ಡಿಗೆ ಬರೆಯಲೇಬೇಡಿ. ಕಾರ್ಡಿನಲ್ಲಿ ಸಿಸ್ಟಮ್ ಮಾತ್ರ ಇರಲಿ, ಲಾಗುಗಳು ರ‍್ಯಾಮಿಗೆ ಹೋಗಲಿ, ರೆಕಾರ್ಡಿಂಗ್ ಎಲ್ಲ ಯುಎಸ್‌ಬಿ ಎಸ್‌ಎಸ್‌ಡಿಗೆ. ಇನ್ವರ್ಟರ್ ಇರುವ ಮನೆಯಲ್ಲಿ ಅದರ ಸ್ವಿಚ್ ಯುಪಿಎಸ್ ಮೋಡಿನಲ್ಲಿದೆಯೇ ನೋಡಿ, ಇಲ್ಲವಾದರೆ ಬದಲಾಗುವ ಆ ಕ್ಷಣಕ್ಕೇ ಬೋರ್ಡ್ ಮತ್ತೆ ಬೂಟ್ ಆದೀತು.

ಗದಗಿನ ಏಪ್ರಿಲ್ ಬಿಸಿಲಿಗೆ ಟಿವಿಯ ಹಿಂದೆ, ಮುಚ್ಚಿದ ಕಪಾಟಿನಲ್ಲಿ ಬೋರ್ಡ್ ಇಡುವುದು ಬೇಡ. 80 ಡಿಗ್ರಿ ದಾಟಿದರೆ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಅಲ್ಯುಮಿನಿಯಂ ಕವಚ ಸಾಕು. ಫ್ಯಾನ್ ಹಾಕಿದರೆ ಧೂಳನ್ನೂ ಒಳಗೆಳೆಯುತ್ತದೆ. ಜೋರು ಮಳೆಯಲ್ಲಿ ಈ ಡಿಶ್ ಹಿಡಿಯುವ ಕೆಯು ಬ್ಯಾಂಡ್ ತರಂಗಗಳ ಸಂಕೇತ ಕ್ಷೀಣಿಸುವುದನ್ನು ತಡೆಯಲಾಗದು, ಡಿಶ್ ಒಂದು ಅಳತೆ ದೊಡ್ಡದಿದ್ದರೆ ತುಸು ಹೆಚ್ಚು ಹೊತ್ತು ತಾಳುತ್ತದೆ.

ಯಾವ ಬೋರ್ಡ್? ಹೊಸದೇ ಬೇಕೆಂದಿಲ್ಲ. 2016ರ ಪೈ 3 ಮೇಜಿನ ಖಾನೆಯಲ್ಲಿದ್ದರೆ ಎಸ್‌ಡಿ ಚಾನೆಲ್ಲುಗಳಿಗೆ ಅದೇ ಸಾಕು, ಯುಎಸ್‌ಬಿ ಮತ್ತು ನೆಟ್‌ವರ್ಕ್ ಒಂದೇ ದಾರಿ ಹಂಚಿಕೊಂಡರೂ. ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ ಪೈ 4. ಉಳಿದ ದುಡ್ಡನ್ನು ಅಡಾಪ್ಟರ್, ಗಡಿಯಾರ, ಒಳ್ಳೆಯ ಎಸ್‌ಎಸ್‌ಡಿಗೆ ಹಾಕಿ.

ಕಟ್ಟಿದ ಮೇಲೆ ಒಂದು ಪರೀಕ್ಷೆ ಮಾಡಿಯೇ ಮನೆಯವರಿಗೆ ಒಪ್ಪಿಸಿ. ಒಂದು ರೆಕಾರ್ಡಿಂಗ್ ನಡೆಯುತ್ತಿರುವಾಗ ಮುಖ್ಯ ಪ್ಲಗ್ ಕಿತ್ತು, ರೂಟರನ್ನೂ ಆರಿಸಿ, ಅರ್ಧ ಗಂಟೆ ಬಿಡಿ. ರೂಟರ್ ಆರಿದ್ದಾಗಲೇ ಬೋರ್ಡಿಗೆ ಮಾತ್ರ ಕರೆಂಟ್ ಕೊಡಿ. ಮುಂದಿನ ಕಾರ್ಯಕ್ರಮ ಸರಿಯಾದ ನಿಮಿಷಕ್ಕೆ ಶುರುವಾಗಿ, ಹಿಂದಿನ ಅರ್ಧ ಫೈಲೂ ತೆರೆದುಕೊಂಡರೆ ಕವಚದ ಸ್ಕ್ರೂ ಬಿಗಿಯಬಹುದು.